ಪಕ್ಕದ ಮನೆ ಅಜ್ಜಿಯ ಊರಿಗೆ ನಾನು ಮಾಡಿದ ಸನ್ಮಾನ

ನನಗೆ ಎಲ್ಲಿ ಹೋದರೂ ಬೆಳಗಾವಿಯೇ ಕಾಣುತ್ತದೆ ಎಂಬುದು ನನ್ನ ಹೆಂಡತಿಯ ಹಳೆಯ ದೂರು. ನಯಾಗರಾ ನೋಡಲು ಹೋದಾಗ ಗೋಕಾಕ ಫಾಲ್ಸಿನ ಮಾತು ತೆಗೆದಿದ್ದೆ. ಮಾಂಟ್ರಿಯಲ್‌ನಲ್ಲಿ ಫ್ರೆಂಚ್ ಬೋರ್ಡುಗಳನ್ನು ಕಂಡಿದ್ದೇ ತಡ, ನಮ್ಮೂರಿನ ಬೋರ್ಡುಗಳ ಜಗಳದ ಕಥೆ ಶುರುಮಾಡಿ, ಊಟಕ್ಕೆ ಕೂತರೂ ಮುಗಿಸಿರಲಿಲ್ಲ. “ಕಾಮಾಲಿ ಕಣ್ಣಿಗೆ ಕಾಣೂದೆಲ್ಲಾ ಹಳದೀನ” ಎಂದು ಆಕೆ ಅಂದರೆ, “ಬರೇ ಹಳದಿ ಅಲ್ಲ, ಕೆಂಪೂ ಕಾಣ್ತದ” ಎಂದು ನಾನು ಎದೆಯುಬ್ಬಿಸುತ್ತಿದ್ದೆ. ಕನ್ನಡ ಬಾವುಟದ ಆ ಎರಡು ಬಣ್ಣಗಳ ಬಗ್ಗೆ ಜಂಬಪಡುವುದಕ್ಕೆ ನಾನು ಯಾವತ್ತೂ ಹಿಂದೆಮುಂದೆ ನೋಡಿದವನಲ್ಲ. ಹೋದ ನವೆಂಬರಿನ ನಂತರ ಸ್ವಲ್ಪ ನೋಡುತ್ತಿದ್ದೇನೆ.

ನಾರ್ತ್ ಯಾರ್ಕಿನ ಅಪಾರ್ಟ್‌ಮೆಂಟಿನಲ್ಲಿ ಬಹಳ ವರ್ಷ ಇದ್ದು, ಸ್ವಂತ ಮನೆಯ ಆಸೆಗೆ ನಾವು ಸ್ಟೌಫ್‌ವಿಲ್‌ಗೆ ಬಂದೆವು. ಹೊಸ ಬಡಾವಣೆಯ ಕಟ್ಟಕಡೆಯ ಮನೆ ನಮ್ಮದು. ಅದರಾಚೆ ಹಳೆಯ ಊರು ಶುರುವಾಗುತ್ತದೆ, ಆ ಹಳೆಯ ಊರಿನ ಮೊದಲ ಮನೆ ಅಜ್ಜಿಯದು. ತೊಂಬತ್ತು ದಾಟಿದ ಬಿಳಿಯ ಹೆಂಗಸು. ಗಂಡ ತೀರಿಹೋಗಿ ಎಷ್ಟೋ ಕಾಲವಾಗಿದೆ. ಮೊದಲ ಚಳಿಗಾಲದಲ್ಲಿ ನಾನು ಸ್ನೋ ತೆಗೆಯುತ್ತಿದ್ದಾಗ ಕಿಟಕಿ ಬಡಿದು, ಕೋಟು ತೊಟ್ಟು ಹೊರಗೆ ಬಂದರು. ನಾನು ಸ್ನೋವನ್ನೆಲ್ಲ ಮನೆಯ ಉತ್ತರದ ಗೋಡೆಗೆ ಒಟ್ಟುತ್ತಿದ್ದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಏಪ್ರಿಲ್‌ ತನಕ ಕರಗುವುದಿಲ್ಲ, ಆಮೇಲೆ ನೀರು ನಿನ್ನ ಬೇಸ್‌ಮೆಂಟಿಗೇ ಇಳಿಯುತ್ತದೆ, ಈ ಕಡೆ ಹಾಕು ಎಂದರು. ಬಿಸಿಲಿನ ಬದಿ ಯಾವುದು, ನೆರಳಿನ ಬದಿ ಯಾವುದು ಎಂದು ನೋಡದೆ ನಮ್ಮೂರಿನಲ್ಲಿ ಒಂದು ಸೌದೆ ತುಂಡನ್ನೂ ಇಡುವುದಿಲ್ಲ ಎಂದರು. ಯಾವುದಪ್ಪಾ ಆ ಊರು ಎಂದು ನಾನು ಕೇಳಿದ್ದು ಹಾಗೆ. ಆ ದಿನ ಅವರ ಅಡುಗೆಮನೆಯಲ್ಲಿ ಕಾಫಿ ಕುಡಿದವನು, ಅಲ್ಲಿಂದಾಚೆ ಪ್ರತಿ ಭಾನುವಾರ ಹೋಗತೊಡಗಿದೆ. ನನ್ನ ಮಗಳೂ ಬರುತ್ತಿದ್ದಳು. ಇಲ್ಲಿಯೇ ಹುಟ್ಟಿ ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ಚೆನ್ನಾಗಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆಕೆ ‘ಅಜ್ಜಿ’ ಎಂದು ಕರೆದಳು, ಅವರು ಓಗೊಟ್ಟರು, ಆ ಹೆಸರೇ ಉಳಿಯಿತು.

ಅಜ್ಜಿಯ ಊರು ಆಲ್ಪ್ಸ್ ಪರ್ವತಗಳ ದಕ್ಷಿಣದ ಮಗ್ಗುಲಿನಲ್ಲಿದೆ. ಇಂದು ಇಟಲಿ ದೇಶಕ್ಕೆ ಸೇರಿದೆ, ಆದರೆ ಜನ ಆಡುವ ಮಾತು ಜರ್ಮನ್. ಹಳ್ಳಿಯೂ ಅಲ್ಲ, ನಗರವೂ ಅಲ್ಲ, ಸಂತೆಯ ಊರು. ಆ ಸೀಮೆಯಲ್ಲಿ ಯಾರು ಬೇಕಾದರೂ ಎಲ್ಲಿ ಬೇಕಾದರೂ ಬುಟ್ಟಿ ಇಳಿಸಿ ಸಂತೆ ಕೂಡಿಸುವಂತಿರಲಿಲ್ಲವಂತೆ. ಶತಮಾನಗಳ ಹಿಂದೆ ಆ ಕಡೆಯ ದೊರೆಯೊಬ್ಬ, ಇಲ್ಲಿ ವಾರಕ್ಕೊಮ್ಮೆ ಸಂತೆ ನಡೆಯಲಿ ಎಂದು ಹಕ್ಕು ಕೊಟ್ಟ. ಅದರಿಂದಾಗಿ ಸುತ್ತಲಿನ ಹಳ್ಳಿಗಳಿಗಿಂತ ಒಂದು ಮೆಟ್ಟಿಲು ಮೇಲಿನ ಮರ್ಯಾದೆ ಅದಕ್ಕೆ ಬಂತು. ಉತ್ತರದಿಂದ ಉಪ್ಪು, ದಕ್ಷಿಣದಿಂದ ವೈನು ಹೇಸರಗತ್ತೆಗಳ ಬೆನ್ನೇರಿ ಘಾಟಿಯ ದಾರಿಯಲ್ಲಿ ಬಂದು ಇಲ್ಲಿ ಕೈ ಬದಲಾಗುತ್ತಿದ್ದವು. ಮಳೆ ಬಂದರೂ ಹಿಮ ಬಿದ್ದರೂ ವ್ಯಾಪಾರ ನಿಲ್ಲಬಾರದೆಂದು ಪೇಟೆ ಬೀದಿಯ ಎರಡೂ ಬದಿಗೆ ಕಲ್ಲಿನ ಕಮಾನುಗಳ ಪಡಸಾಲೆ ಕಟ್ಟಿದ್ದಾರೆ. ಅದರ ಹಿಂದೆ ಮುಖ ಕಿರಿದಾಗಿ ಒಳಗೆ ಬಹಳ ಉದ್ದಕ್ಕೆ ಹೋಗುವ ಮನೆಗಳು. ನಮ್ಮ ಗಲ್ಲಿಯ ಮನೆಗಳೂ ಹೀಗೇ ಎಂದು ನಾನು ಅಲ್ಲಿಯೇ ಬಾಯಿ ಹಾಕಿದ್ದೆ.

ಊರು ಹೊಳೆಯ ದಂಡೆಯ ಮೇಲೆ ಇಲ್ಲ. ಹೊಳೆಯ ಇಕ್ಕೆಲವೂ ಒಂದು ಕಾಲಕ್ಕೆ ಜೌಗು, ಚಳಿಜ್ವರದ ನೆಲ. ಬೆಟ್ಟದಿಂದ ಇಳಿಯುವ ತೊರೆಯೊಂದು ಸಾವಿರಾರು ವರ್ಷ ಕಲ್ಲು, ಮರಳು ಹೊತ್ತು ತಂದು ಬೀಸಣಿಗೆಯ ಹಾಗೆ ಹರವಿದ ದಿಬ್ಬದ ಮೇಲೆ ಊರು ಕೂತಿದೆ. ಊರಿಗೆ ನೆಲ ಕೊಟ್ಟ ಅದೇ ತೊರೆ ನಡುನಡುವೆ ಉಕ್ಕಿ ಊರನ್ನೇ ಹೂತುಹಾಕುತ್ತಿತ್ತು. ಹಾಗಾಗಿ ಅಲ್ಲಿನ ಹಳೆಯ ಚರ್ಚಿಗೆ ಮೆಟ್ಟಿಲು ಹತ್ತಿ ಹೋಗುವುದಿಲ್ಲ, ಇಳಿದು ಹೋಗುತ್ತಾರೆ ಎಂದು ಅಜ್ಜಿ ಕೈಯಲ್ಲಿ ತೋರಿಸುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಇಷ್ಟದ ಮಾತು ಆ ಎರಡು ಬದಿಗಳದು. ಕಣಿವೆ ಪೂರ್ವ-ಪಶ್ಚಿಮವಾಗಿ ಮಲಗಿದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ದ್ರಾಕ್ಷಿ, ಹಣ್ಣಿನ ಗಿಡ, ಅನುಕೂಲಸ್ಥರ ಮನೆ. ಎದುರಿನ ಇಳಿಜಾರಿನಲ್ಲಿ ಹುಲ್ಲು, ಒಂದೆರಡು ಹಸು, ಬಡತನ. ನವೆಂಬರಿನಲ್ಲಿ ಬೆಟ್ಟದ ಹಿಂದೆ ಸರಿದ ಸೂರ್ಯ ಫೆಬ್ರವರಿ ಬರುವ ತನಕ ಅಲ್ಲಿಯವರಿಗೆ ಮುಖ ತೋರಿಸುವುದಿಲ್ಲ. ಎದುರು ಬದಿಯ ಕಿಟಕಿಗಳಲ್ಲಿ ಬಿಸಿಲು ಹೊಳೆಯುವುದನ್ನು ನೋಡುತ್ತ ಚಳಿಗಾಲ ಕಳೆಯಬೇಕು. ಸೂರ್ಯ ಮತ್ತೆ ಕಾಣಿಸಿದ ದಿನ ಹಸುಗಳನ್ನು ಹೊರಗೆ ಬಿಟ್ಟು, ಮನೆಮಂದಿಯೆಲ್ಲ ಗೋಡೆಗೆ ಬೆನ್ನು ಕೊಟ್ಟು ಮಾತಿಲ್ಲದೆ ನಿಲ್ಲುತ್ತಿದ್ದರಂತೆ. ಇಷ್ಟು ಅಕ್ಕರೆಯಿಂದ ಹೇಳುವುದನ್ನು ಕೇಳಿ ನೀವು ನೆರಳಿನ ಬದಿಯವರಾ ಎಂದು ಕೇಳಿದೆ. ಅಲ್ಲ, ನಮ್ಮಪ್ಪನ ಅಂಗಡಿ ಪೇಟೆಯ ಕಮಾನಿನ ಕೆಳಗಿತ್ತು, ನೆರಳಿನ ಬದಿಯಲ್ಲಿ ಇದ್ದದ್ದು ದೊಡ್ಡಪ್ಪ ಎಂದರು.

ಇಲ್ಲಿಯ ತನಕ ನಾನು ಮರ್ಯಾದಸ್ಥನ ಹಾಗೆ ಕೇಳಿಸಿಕೊಂಡಿದ್ದೆ. ಒಂದು ಭಾನುವಾರ ಅಜ್ಜಿ ಗಡಿಯ ಮಾತು ತೆಗೆದರು, ನನ್ನ ಕಿವಿ ನೆಟ್ಟಗಾಯಿತು. ಮೊದಲ ಮಹಾಯುದ್ಧ ಮುಗಿದ ಮೇಲೆ ಗಡಿಯನ್ನು ಘಾಟಿಯ ಮೇಲಕ್ಕೆ ಸರಿಸಿದರು. ಊರು ಇದ್ದಲ್ಲೇ ಇತ್ತು, ದೇಶ ಬದಲಾಗಿ ಇಟಲಿಯಾಯಿತು. ಕೆಲವು ವರ್ಷಗಳಲ್ಲಿ ಶಾಲೆಯಲ್ಲಿ ಜರ್ಮನ್ ನಿಂತುಹೋಯಿತು, ಮೇಷ್ಟರುಗಳು ಮನೆಗೆ ಹೋದರು. ಅಂಗಡಿಯ ಬೋರ್ಡು, ಬೀದಿಯ ಹೆಸರು, ಕಡೆಗೆ ಗೋರಿಯ ಕಲ್ಲಿನ ಮೇಲಿನ ಅಕ್ಷರಕ್ಕೂ ಕೈ ಹಾಕಿದರು. ಜನ ಕಿಟಕಿಗೆ ಪರದೆ ಎಳೆದು ಅಡುಗೆಮನೆಯಲ್ಲಿ ಮಕ್ಕಳಿಗೆ ಕದ್ದುಮುಚ್ಚಿ ಅಕ್ಷರ ಕಲಿಸಿದರು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ನಮ್ಮೂರೇ ಎಂದೆ. ನಮ್ಮದು ಮುಂಬಯಿ ಪ್ರಾಂತದಲ್ಲಿದ್ದದ್ದು, ಆಮೇಲೆ ಈ ಕಡೆ ಸೇರಿದ್ದು, ನಮ್ಮಪ್ಪ ಕನ್ನಡ ಶಾಲೆಯ ಮಾಸ್ತರರಾಗಿದ್ದದ್ದು, ಬೋರ್ಡುಗಳಿಗೆ ಮಸಿ ಬೀಳುತ್ತಿದ್ದದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅಜ್ಜಿ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: ನಿಮ್ಮ ಮನೆಗೆ ತರಕಾರಿ ಯಾರು ತರುತ್ತಿದ್ದರು? ಮರಾಠಿಯ ಹೆಂಗಸೊಬ್ಬಳು ಎಂದೆ. ಅವ್ವ ಮತ್ತು ಆಕೆ ನಮ್ಮ ಕಟ್ಟೆಯ ಮೇಲೆ ಕೂತು ಮರಾಠಿಯಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು. ಅವ್ವನಿಗೆ ಟೈಫಾಯ್ಡ್ ಆದಾಗ ನಮಗೆ ಭಕ್ರಿ ಬಡಿದು ಕೊಟ್ಟವಳೂ ಆಕೆಯೇ. ಅದನ್ನು ಹೇಳು, ಅದು ಚೆನ್ನಾಗಿದೆ ಎಂದರು ಅಜ್ಜಿ. ಅದೊಂದು ಹೇಳುವಂಥ ಸಂಗತಿ ಎಂದು ನನಗೆ ಅನ್ನಿಸಲಿಲ್ಲ. ಮತ್ತೆ ಬೋರ್ಡುಗಳಿಗೆ ಹಿಂದಿರುಗಿದೆ.

ನಮ್ಮದೊಂದು ಸಣ್ಣ ಕನ್ನಡ ಬಳಗವಿದೆ, ಅದರ ಕಮಿಟಿಯಲ್ಲಿ ನಾನಿದ್ದೇನೆ. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಯಾರಿಗಾದರೂ ಸನ್ಮಾನ ಆಗಲೇಬೇಕು. ಯೋಗ್ಯರೆಲ್ಲ ಮುಗಿದುಹೋಗಿ, ನಮಗೆ ನಾವೇ ಸರದಿಯ ಮೇಲೆ ಶಾಲು ಹೊದಿಸಿಕೊಳ್ಳುವ ಹಂತ ತಲುಪಿದ್ದೆವು. ನಾನು ಅಜ್ಜಿಯ ಹೆಸರು ಹೇಳಿದೆ. ಮೈಸೂರು ಕಡೆಯವರಾದ ನಮ್ಮ ಅಧ್ಯಕ್ಷರು, ಅವರಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ಮೆಲ್ಲಗೆ ಕೇಳಿದರು. ಭಾಷಾಪ್ರೇಮಕ್ಕೆ ಯಾವ ಭಾಷೆಯಾದರೇನು ಎಂದು ನಾನು ಗುಡುಗಿದೆ. ಬೇರೆ ಯಾರೂ ಸಿಕ್ಕಿರಲಿಲ್ಲವಾದ್ದರಿಂದ ಎಲ್ಲರೂ ಒಪ್ಪಿದರು.

ಭಾಷಣಕ್ಕೆ ತಯಾರಿ ಬೇಕಲ್ಲ. ಮಾರ್ಕಮ್‌ನ ಕಾರ್ಖಾನೆಯಲ್ಲಿ ನಾನು ಯಂತ್ರದ ಭಾಗಗಳನ್ನು ತಪಾಸಣೆ ಮಾಡುವವನು. ಲಂಚ್ ಬ್ರೇಕಿನಲ್ಲಿ ಫೋನು ಹಿಡಿದು ಆ ಸೀಮೆಯ ಚರಿತ್ರೆ ಓದತೊಡಗಿದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಆ ಜನಕ್ಕೆ ಒಂದು ಆಯ್ಕೆ ಕೊಟ್ಟಿದ್ದರಂತೆ. ಉಳಿಯುವುದಾದರೆ ಮನೆ, ಹೊಲ ನಿಮ್ಮವೇ, ಭಾಷೆ ಮರೆತುಬಿಡಿ. ಭಾಷೆ ಬೇಕಾದರೆ ಊರು ಬಿಟ್ಟು ಜರ್ಮನಿಗೆ ನಡೆಯಿರಿ. ಬಹುಪಾಲು ಜನ ಹೊರಡುತ್ತೇವೆಂದು ಸಹಿ ಹಾಕಿದರು. ಓದಿ ನನ್ನ ಮೈ ಜುಮ್ಮೆಂದಿತು. ಭಾಷೆಗಾಗಿ ಮನೆ ಬಿಟ್ಟವರು! ಆ ಜರ್ಮನಿ ಯಾರ ಜರ್ಮನಿ, ಅಲ್ಲಿ ಆಗ ಏನು ನಡೆಯುತ್ತಿತ್ತು ಎಂಬುದೂ ಅದೇ ಪುಟದಲ್ಲಿತ್ತು. ನಾಜಿಗಳ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು, ನನಗೆ ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಓದಿದೆ, ಇದು ಭಾಷಣಕ್ಕೆ ಒಗ್ಗುವುದಿಲ್ಲ ಎಂದು ಬಿಟ್ಟೆ. ಉಳಿದುಕೊಂಡವರನ್ನು ಊರವರು ಹೇಗೆ ನಡೆಸಿಕೊಂಡರು ಎಂಬ ಭಾಗವನ್ನು ತೆರೆದೇ ನೋಡಲಿಲ್ಲ.

ಆ ವಾರ ಬೇಲಿಯ ಆಚೆ ಅಜ್ಜಿ ಹೂವಿನ ಗಿಡಗಳನ್ನು ಕತ್ತರಿಸುತ್ತಿದ್ದರು. ನಿಮ್ಮ ಮನೆಯವರು ಹೋದರೋ ಉಳಿದರೋ ಎಂದು ಕೇಳಿದೆ. “ಹೋದೆವು. ಊರಿನಲ್ಲಿ ಮೊದಲ ಸಹಿ ನಮ್ಮಪ್ಪನದೇ” ಎಂದು ಹೇಳಿ, ಮತ್ತೆ ಗಿಡದ ಮೇಲೆ ಬಗ್ಗಿದರು. ಆ ಬಗ್ಗಿದ ಬೆನ್ನಿನಲ್ಲಿ ನನಗೆ ವಿನಯ ಕಂಡಿತು.

ರಾಜ್ಯೋತ್ಸವಕ್ಕೆ ಬರಬೇಕು, ನಿಮ್ಮೂರಿನ ಬಗ್ಗೆ ನಾಲ್ಕು ಮಾತಾಡುತ್ತೇನೆ ಎಂದಾಗ ಅಜ್ಜಿ ಸಂತೋಷದಿಂದಲೇ ಒಪ್ಪಿದರು. ಬೆಟ್ಟ, ಹೊಳೆ, ಸಂತೆ, ಏನು ಬೇಕಾದರೂ ಹೇಳು, ನಮ್ಮಪ್ಪನ ವಿಷಯ ಮಾತ್ರ ಬೇಡ ಎಂದರು. ಮತ್ತೊಂದು ಸಲ ಮಗಳ ಎದುರಿಗೂ ಹೇಳಿದರು. ನಾನು ತಲೆಯಾಡಿಸಿದೆ. ನಮ್ಮ ಕಡೆ ಪಂಕ್ತಿಯಲ್ಲಿ ಕೂತವರು ಎಲೆಗೆ ಕೈ ಅಡ್ಡ ಹಿಡಿದು ಬೇಡ ಬೇಡ ಎಂದರೆ, ಬೆರಳ ಸಂದಿಯಲ್ಲಿ ಹೋಳಿಗೆ ಜಾರಿಸಿ ಮುಂದೆ ಹೋಗುವುದೇ ಬಡಿಸುವವನ ಮರ್ಯಾದೆ. ಸನ್ಮಾನವೂ ಹಾಗೆಯೇ. ನಾನೆಷ್ಟರವನು ಎಂದು ಅವರು ಹಿಂಜರಿಯಬೇಕು, ನಾವು ಕೈ ಹಿಡಿದು ಎಳೆದು ತಂದು ಕೂರಿಸಬೇಕು. ಮೊದಲ ಸಲಕ್ಕೇ ಹೂಂ ಎಂದವನನ್ನು ನಾವು ಆಸೆಬುರುಕ ಎನ್ನುತ್ತೇವೆ.

ನನ್ನ ಹೆಂಡತಿಗೆ ಇದು ಸರಿಕಾಣಲಿಲ್ಲ. “ಆಕಿ ಬ್ಯಾಡ ಅಂದ್ರ ಬ್ಯಾಡ ಅಂತನ ಅರ್ಥರಿ. ಆಕಿ ಏನ್ ನಮ್ಮ ಬೀಗರ ಪೈಕಿ ಅಲ್ಲ” ಎಂದಳು. ತನ್ನ ಅಪ್ಪನನ್ನು ಹೊಗಳಿದರೆ ಯಾರಿಗೆ ಬೇಡವಾಗುತ್ತದೆ ಎಂದು ನಾನು ಆಕೆಯ ಬಾಯಿ ಮುಚ್ಚಿಸಿದೆ.

ಕಾರ್ಯಕ್ರಮ ಮಧ್ಯಾಹ್ನ ಒಂದು ಶಾಲೆಯ ಜಿಮ್ಮಿನಲ್ಲಿ. ಮಕ್ಕಳ ಕುಣಿತ ಆಯಿತು, ನಾಡಗೀತೆ ಆಯಿತು. ಅಜ್ಜಿಯನ್ನು ವೇದಿಕೆಗೆ ಕರೆದು, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿತ್ತೆವು. ಪೇಟ ಹಣೆಯ ಮೇಲೆ ಜಾರಿ ಬಂದು ಅವರು ನಕ್ಕರು, ಸಭೆಯೂ ನಕ್ಕಿತು. ಅವರ ಪಕ್ಕದ ಕುರ್ಚಿಯಲ್ಲಿ ನನ್ನ ಮಗಳು. ನನ್ನ ಕನ್ನಡವನ್ನು ಇಂಗ್ಲಿಷಿನಲ್ಲಿ ಕಿವಿಗೆ ಹೇಳುವ ಕೆಲಸ ಅವಳದು.

ಮೈಕು ಕೈಗೆ ಬಂದರೆ ನನಗೆ ದೇವರು ಬಂದ ಹಾಗೆ. ಬೆಟ್ಟದಿಂದ ಶುರುಮಾಡಿದೆ, ಕಮಾನುಗಳ ಕೆಳಗೆ ಸಭೆಯನ್ನು ನಡೆಸಿಕೊಂಡು ಹೋದೆ, ಬಿಸಿಲು ನೆರಳು ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆಮೇಲೆ ಗಡಿ, ಆಮೇಲೆ ಆ ಆಯ್ಕೆ. ದನಿ ಏರಿಸಿದೆ. “ಒಂದು ತುಂಡು ಹೊಲಕ್ಕೆ, ಎರಡು ಹಸುವಿಗೆ ತಾಯಿನುಡಿಯನ್ನು ಮಾರಿಕೊಂಡ ಗುಲಾಮರು ಅಲ್ಲಿಯೂ ಇದ್ದರು. ಮನೆ ಬಿಟ್ಟೇವು, ಮಾತು ಬಿಡೆವು ಎಂದು ಎಲ್ಲರಿಗಿಂತ ಮೊದಲು ಸಹಿ ಹಾಕಿದ ಧೀರನ ಮಗಳು ಇಲ್ಲಿ ಕೂತಿದ್ದಾರೆ.” ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಮಗಳು ಅಜ್ಜಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಳು, ಅಜ್ಜಿ ಮುಗುಳ್ನಗುತ್ತ ತಲೆಯಾಡಿಸುತ್ತಿದ್ದರು. ನೋಡಿದೆಯಾ ಎಂಬಂತೆ ನಾನು ಸಭೆಯಲ್ಲಿದ್ದ ಹೆಂಡತಿಯ ಕಡೆ ನೋಡಿದೆ. ಆಕೆ ತನ್ನ ಚೀಲದಲ್ಲಿ ಏನನ್ನೋ ಹುಡುಕುತ್ತಿದ್ದಳು.

ಮನೆಗೆ ಹೊರಟಾಗ ಅಜ್ಜಿ ಮುಂದಿನ ಸೀಟಿನಲ್ಲಿ, ಹಾರ ಇನ್ನೂ ಕೊರಳಲ್ಲೇ, ಹಣ್ಣಿನ ಬುಟ್ಟಿ ತೊಡೆಯ ಮೇಲೆ. ಹಿಂದೆ ನನ್ನ ಹೆಂಡತಿ ಮತ್ತು ಮಗಳು. ಹೊಗಳಿಕೆ ಬರುತ್ತದೆಂದು ನಾನು ಕಾಯುತ್ತಿದ್ದೆ. ಹೈವೇ ಹತ್ತಿದ ಮೇಲೆ ಅವರು ನನ್ನ ತೋಳು ಮುಟ್ಟಿದರು.

“ನೀನು ಕೊಟ್ಟ ಮಾತು ಉಳಿಸಿಕೊಂಡೆ. ಬೆಟ್ಟ ಹೇಳಿದೆ, ಬಿಸಿಲು ನೆರಳು ಹೇಳಿದೆ. ನಮ್ಮಪ್ಪನ ಸುದ್ದಿಗೆ ಹೋಗಲಿಲ್ಲ. ನನಗೆ ಒಳಗೊಳಗೇ ಹೆದರಿಕೆ ಇತ್ತು” ಎಂದರು.

ನನಗೆ ಏನೊಂದೂ ತಿಳಿಯಲಿಲ್ಲ. ಕನ್ನಡಿಯಲ್ಲಿ ಮಗಳ ಕಡೆ ನೋಡಿದೆ. ಅವಳು ಮುಖ ತಿರುಗಿಸಿ ಹೊರಗೆ ನೋಡುತ್ತಿದ್ದಳು. “ಇಷ್ಟು ಮರ್ಯಾದೆ ಉಳಿಸಿದ ನಿನಗೆ, ನಾನು ಯಾಕೆ ಬೇಡ ಅಂದೆ ಎಂದು ಹೇಳುವುದು ನ್ಯಾಯ” ಎಂದು ಅಜ್ಜಿ ಯಾರೂ ಕೇಳದೆಯೇ ಹೇಳತೊಡಗಿದರು. ಆ ಮಾತುಗಳನ್ನು ಕೇಳಿಸಿಕೊಳ್ಳುವ ಹಕ್ಕು ನನಗಿರಲಿಲ್ಲ. ತಡೆಯುವ ಧೈರ್ಯವೂ ಬರಲಿಲ್ಲ.

ಅವರ ಅಪ್ಪ ಮೊದಲ ಸಹಿ ಹಾಕಿದ್ದಷ್ಟೇ ಅಲ್ಲ, ಮನೆಮನೆಗೆ ತಿರುಗಿ ಹಾಕಿಸಿದವನು. ನೆರಳಿನ ಬದಿಯಲ್ಲಿದ್ದ ಅವನ ಅಣ್ಣ ಮಾತ್ರ ಒಪ್ಪಲಿಲ್ಲ. ನಾಜಿಗಳ ಆ ನಾಯಕನ ದೇಶಕ್ಕೆ ನಾನು ಬರುವುದಿಲ್ಲ, ನನ್ನ ಮಾತನ್ನು ನನ್ನ ಹಸುಗಳ ಜೊತೆ ಆಡಿಕೊಂಡಿರುತ್ತೇನೆ ಎಂದನಂತೆ. ಅಂದಿನಿಂದ ಅವನು ಊರಿಗೆ ದ್ರೋಹಿ. ಅವನ ಕಿಟಕಿ ಒಡೆದರು, ಬಾಗಿಲಿಗೆ ಸಗಣಿ ಬಳಿದರು. ಸಂತೆಯ ದಿನ ಅವನು ಚೀಸ್ ಹೊತ್ತು ತಂದು ಕಮಾನಿನ ಕೆಳಗೆ ಇಟ್ಟುಕೊಂಡು ನಿಂತರೆ, ಅವನ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಒಂದು ಸಂತೆಯಲ್ಲಿ ಅವನು ಎಂದಿನಂತೆ ಅಜ್ಜಿಯನ್ನು ಹತ್ತಿರ ಕರೆದು ಚೀಸಿನ ಚೂರೊಂದನ್ನು ಮುಂದೆ ಹಿಡಿದ. ಆಗ ಅವರು ಸಣ್ಣ ಹುಡುಗಿ. ಅಂಗಡಿಯ ಬಾಗಿಲಲ್ಲಿ ಅಪ್ಪ ನಿಂತು ನೋಡುತ್ತಿದ್ದ. ಹುಡುಗಿ ದೊಡ್ಡಪ್ಪನ ಕೈಯ ಮೇಲೆ ಉಗುಳಿದಳು.

ಹೋದ ದೇಶದಲ್ಲಿ ಅವರಿಗೆ ಒಂದು ಮನೆ ಕೊಟ್ಟರು. ಯಾರನ್ನೋ ಹೊರಹಾಕಿ ಕೊಟ್ಟ ಮನೆ. ಕಪಾಟಿನಲ್ಲಿ ಆ ಮನೆಯವರ ತಟ್ಟೆಗಳು ಹಾಗೆಯೇ ಇದ್ದವು, ಇವರು ಅವುಗಳಲ್ಲಿಯೇ ಉಂಡರು. ಜರ್ಮನಿ ಯುದ್ಧ ಸೋತ ಹೊತ್ತಿಗೆ ಅಪ್ಪ ಬದುಕಿರಲಿಲ್ಲ. ತಾಯಿ ಮಕ್ಕಳು ಬರಿಗೈಯಲ್ಲಿ ಊರಿಗೆ ಮರಳಿದಾಗ ಬಾಗಿಲು ತೆರೆದವನು ಅದೇ ದೊಡ್ಡಪ್ಪ. ಒಂದು ಇಡೀ ಚಳಿಗಾಲ ಆ ನೆರಳಿನ ಮನೆಯಲ್ಲಿ ಅವನ ಅನ್ನ ತಿಂದರು. ಅವನು ಹಳೆಯದನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಚೆನ್ನಾಗಿತ್ತು ಎಂದರು ಅಜ್ಜಿ. ಕೆನಡಾಕ್ಕೆ ಬಂದ ಮೇಲೆ, ಗಂಡನಿಗೂ ಆ ಸಂತೆಯ ಸಂಗತಿ ಹೇಳಿರಲಿಲ್ಲವಂತೆ.

ಅವರನ್ನು ಮನೆಗೆ ಬಿಟ್ಟು ನಮ್ಮ ಗ್ಯಾರೇಜಿಗೆ ಬಂದೆವು. ಯಾರೂ ಇಳಿಯಲಿಲ್ಲ. ನಾನು ಹಿಂದೆ ತಿರುಗದೆಯೇ ಮಗಳನ್ನು ಕೇಳಿದೆ. ಅವಳು ಇಂಗ್ಲಿಷಿನಲ್ಲಿ ಹೇಳಿದಳು: ನೀವು ಅವರ ತಂದೆಯ ಮಾತಿಗೆ ಹೋದಾಗ ಅದನ್ನು ಹೇಳಲು ಬಾಯಿ ಬರಲಿಲ್ಲ. ಅಜ್ಜಿ ಬೇಡ ಎಂದದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಹಾಗಾಗಿ ಸೂರ್ಯ, ಹಸು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಇದನ್ನೇ ಮತ್ತೆ ಮತ್ತೆ ಹೇಳಿದೆ. ಜನ ಯಾಕೆ ಎದ್ದು ನಿಂತರು ಎಂದು ಅವರು ಕೇಳಿದರು, ನಿಮ್ಮ ಊರು ಅಷ್ಟು ಇಷ್ಟವಾಯಿತು ಎಂದೆ.

ನನ್ನನ್ನು ಉಳಿಸುವುದಕ್ಕಾಗಿ ಹಾಗೆ ಮಾಡಿದೆಯಾ ಎಂದು ಕೇಳಿದೆ. ಅದನ್ನು ಕೇಳುವಾಗ ಸ್ವಲ್ಪ ಆಸೆಯಿತ್ತು ಎಂದು ಕಾಣುತ್ತದೆ. ಎಂದೂ ಕನ್ನಡದಲ್ಲಿ ಉತ್ತರ ಕೊಡದ ಹುಡುಗಿ ಅಂದು ಕೊಟ್ಟಳು. “ಇಲ್ಲ ಪಪ್ಪಾ. ನಂಗ ನಾಚಿಕಿ ಆತು” ಎಂದು ಬಾಗಿಲು ತೆರೆದು ಒಳಗೆ ಹೋದಳು.

ಆಮೇಲಿನ ದಿನಗಳು ಕೆಟ್ಟದಾಗಿದ್ದವು. ಭಾಷಣದ ವಿಡಿಯೋ ವಾಟ್ಸ್ಯಾಪಿನಲ್ಲಿ ಹರಿದಾಡಿ ಬೆಳಗಾವಿಯನ್ನೂ ಮುಟ್ಟಿತು. ನನ್ನ ಜೊತೆ ಶಾಲೆ ಓದಿದವರು, ಭಲೇ, ಗಡಿನಾಡಿನ ಹುಲಿ ಎಂದು ಬರೆದರು. ಬೇರೆ ದಿನವಾಗಿದ್ದರೆ ಒಂದೊಂದನ್ನೂ ಹೆಂಡತಿಗೆ ಓದಿ ಹೇಳುತ್ತಿದ್ದೆ. ಈಗ ಫೋನು ಕುಂಯ್ ಎಂದರೆ ಮೈಯೆಲ್ಲ ಹಿಡಿಯಾಗುತ್ತಿತ್ತು. ‘ಎರಡು ಹಸುವಿಗೆ’ ಎಂದು ನಾನು ಕೈ ಬೀಸಿದ ಭಂಗಿ ಕಣ್ಣಿಗೆ ಕಟ್ಟುತ್ತಿತ್ತು, ಅದರ ಹಿಂದೆಯೇ ಚೀಸಿನ ಚೂರು ಹಿಡಿದ ಕೈ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವ ಹೇಳುತ್ತಿದ್ದಳು. ನನ್ನ ಮಾತು ಹೋಗಿರಲಿಲ್ಲ, ಊರೂರು ತಿರುಗುತ್ತಿತ್ತು. ಭಾನುವಾರದ ಕಾಫಿಗೆ ನೆಗಡಿ ಎಂದು ನೆವ ಹೇಳಿದೆ. ಕಾರ್ಖಾನೆಯಿಂದ ಬಂದರೆ ಅಜ್ಜಿಯ ಕಿಟಕಿಯ ಕಡೆ ನೋಡದೆ ಒಳಗೆ ಸೇರುತ್ತಿದ್ದೆ. ಅವರಿಗೆ ಕನ್ನಡ ಬರುವುದಿಲ್ಲ, ಗೊತ್ತಾಗುವ ಬಗೆಯೇ ಇಲ್ಲ, ಸುಮ್ಮನಿದ್ದರೆ ಅವರ ಮನಸ್ಸೂ ಉಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಉಳಿಸಿಕೊಳ್ಳಬೇಕಾಗಿದ್ದದ್ದು ನನ್ನ ಮುಖ ಎಂಬುದು ನನಗೇ ಗೊತ್ತಿತ್ತು.

ಮುಂದಿನ ವಾರ ಅಜ್ಜಿಯೇ ನಮ್ಮ ಬಾಗಿಲಿಗೆ ಬಂದರು, ಕೈಯಲ್ಲಿ ಡಬ್ಬಿ ತುಂಬ ಬಿಸ್ಕತ್ತು. ಆ ವಿಡಿಯೋ ತನಗೂ ಬೇಕು ಎಂದರು. ದೊಡ್ಡಪ್ಪನ ಮಗಳು ಈಗಲೂ ಅದೇ ನೆರಳಿನ ಬದಿಯ ಮನೆಯಲ್ಲಿದ್ದಾಳೆ, ಅವಳಿಗೆ ಕಳಿಸಬೇಕು. ತಮ್ಮ ಮನೆಯಿಂದ ಅವಳ ಮನೆಗೆ ಒಳ್ಳೆಯದು ಅಂತ ಹೋದದ್ದು ಕಡಿಮೆ. ಇಷ್ಟು ದೂರದಲ್ಲಿ ಇಷ್ಟೊಂದು ಜನ ಅವರ ಮನೆಯ ಬೆಟ್ಟದ ಕಥೆ ಕೇಳಿ ಎದ್ದು ನಿಂತರು ಎಂದು ನೋಡಲಿ. ಕನ್ನಡವಾದರೇನು, ಈಗಿನ ಫೋನು ಕೆಳಗೆ ಅರ್ಥ ತಾನೇ ಬರೆಯುತ್ತದಂತಲ್ಲ ಎಂದರು. ಕಳಿಸುತ್ತೇನೆ ಎಂದು ನಾನು ಹಲ್ಲು ಕಿರಿದೆ. ಅವರು ಹೋದ ಮೇಲೆ ಹೆಂಡತಿ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟಳು, ಮುಚ್ಚಳ ತೆರೆಯಲಿಲ್ಲ.

“ಯಂತ್ರದ ಬಾಯಿಂದ ಗೊತ್ತಾಗೂದಕಿಂತ ನಿಮ್ಮ ಬಾಯಿಂದ ಗೊತ್ತಾಗ್ಲಿ. ಹೋಗ್ರಿ” ಎಂದಳು.

ಹೋದೆ. ಅಜ್ಜಿ ಅಡುಗೆಮನೆಯಲ್ಲಿ ಕಾಫಿಗೆ ನೀರಿಟ್ಟರು. ಕಾಫಿ ಬೇಡ, ಮೊದಲು ಕೇಳಿ ಎಂದೆ. ನಿಮ್ಮ ತಂದೆಯ ವಿಷಯ ಹೇಳಿದೆ ಎಂದೆ. ಮಗಳು ಅದನ್ನು ನಿಮಗೆ ಹೇಳಲಿಲ್ಲ, ತಪ್ಪು ಅವಳದಲ್ಲ ಎಂದೆ. ಅವರು ಒಲೆ ಆರಿಸಿ ಎದುರಿಗೆ ಬಂದು ಕೂತರು. ಸಿಟ್ಟು ಕಾಣಲಿಲ್ಲ. ಮುಖ ಮಾತ್ರ ಒಮ್ಮೆಗೇ ಬಹಳ ಮುದಿಯಾಯಿತು. ಕಾರಿನಲ್ಲಿ ಆ ಮಾತುಗಳನ್ನು ಎಂಥವನಿಗೆ ಹೇಳಿಬಿಟ್ಟೆ ಎಂದು ಅವರು ಲೆಕ್ಕ ಹಾಕುತ್ತಿದ್ದಾರೆ ಎನ್ನಿಸಿ, ನಾನು ಮೇಜಿನ ಬಟ್ಟೆಯ ಅಂಚನ್ನೇ ನೋಡುತ್ತ ಕೂತೆ.

“ದೊಡ್ಡಪ್ಪನಂಥವರ ಬಗ್ಗೆ ಏನು ಹೇಳಿದೆ?” ಎಂದು ಕೇಳಿದರು.

ಉಳಿದುಕೊಂಡವರ ಬಗ್ಗೆ ಒಂದೆರಡು ಮಾತು ಎಂದೆ. ಹಾಗಲ್ಲ, ಅಲ್ಲಿ ಹೇಳಿದ ಹಾಗೆಯೇ ಹೇಳು ಎಂದರು. ಹೇಳಿದೆ. ಕನ್ನಡದಲ್ಲಿ ಅದಕ್ಕೊಂದು ಓಟವಿತ್ತು, ಲಯವಿತ್ತು. ಇಂಗ್ಲಿಷಿನಲ್ಲಿ ಒಂದೊಂದೇ ಪದ ಹುಡುಕಿ ಇಡುತ್ತ ಹೋದಂತೆ ಬೈಗುಳ ಒಂದೇ ಉಳಿಯಿತು. ಹೊಲದ ತುಂಡು, ಎರಡು ಹಸು, ಗುಲಾಮರು. ಗುಲಾಮ ಎಂಬ ಪದವನ್ನು ಎರಡು ಸಲ ಹೇಳಬೇಕಾಯಿತು. ಕ್ಷಮಿಸಿ ಎಂದೆ. ಅವರು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ.

“ಆಗಲೇ ಜನ ಎದ್ದು ನಿಂತು ಚಪ್ಪಾಳೆ ಹೊಡೆದದ್ದಾ?”

“ಹೌದು.”

“ಜೋರಾಗಿ ಹೊಡೆದರು” ಎಂದರು ಅಜ್ಜಿ. ನನ್ನನ್ನು ಕೇಳಿದ್ದಲ್ಲ, ನೆನಪು ಮಾಡಿಕೊಂಡದ್ದು. ಮೇಜಿನ ಮೇಲಿದ್ದ ತಮ್ಮ ಎರಡು ಕೈಗಳನ್ನು ತೊಡೆಯ ಮೇಲಕ್ಕೆ ಇಳಿಸಿಕೊಂಡರು.

“ಮೊದಲ ಸಹಿ ಹಾಕಿದಾಗ ನಮ್ಮಪ್ಪನಿಗೂ ಹೀಗೇ ಚಪ್ಪಾಳೆ ಹೊಡೆದಿದ್ದರು. ಅವತ್ತು ನಾನೂ ಹೊಡೆದಿದ್ದೆ.”